ರಗ್ಬಿ ಬೆಳೆಯಿತು, ಭಾಷೆ ಪಕ್ಕಕ್ಕೆ ಸರಿಯಿತು: ವೇಲ್ಸಿನ ಒಂದು ಶಾಲೆಯನ್ನು ಕುರಿತು ಗಡಿನಾಡಿನ ಪೋಷಕರಿಗೆ

ಗಡಿಯಾಚೆಯ ಕನ್ನಡ ಶಾಲೆಗಳ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಮಾತು ಬಹುಬೇಗ ಕಾನೂನಿನ ಕಡೆಗೆ ಹೊರಳುತ್ತದೆ. ಸಂವಿಧಾನದ 350ಎ ವಿಧಿ ಏನನ್ನು ವಿಧಿಸಿದೆ, ತಮಿಳುನಾಡಿನ 2006ರ ತಮಿಳು ಕಲಿಕೆಯ ಕಾಯಿದೆಯಿಂದ ಹೊಸೂರು, ತಾಳವಾಡಿಯ ಮಕ್ಕಳಿಗೆ ಏನಾಯಿತು, ಕೇರಳದ 2017ರ ಮಲಯಾಳ ಕಾಯಿದೆಯಿಂದ ಕಾಸರಗೋಡಿನಲ್ಲಿ ಏನಾಗಬಹುದು ಎಂದು ಚರ್ಚಿಸುತ್ತೇವೆ. ಚರ್ಚೆ ಅವಶ್ಯವಾದದ್ದೇ; ಹಕ್ಕನ್ನು ಕೇಳದವನಿಗೆ ಯಾರೂ ಮನೆಬಾಗಿಲಿಗೆ ತಂದು ಕೊಡುವುದಿಲ್ಲ. ಆದರೆ ಭಾಷೆಯನ್ನು ಕಾಪಾಡಬೇಕೆಂಬ ಮಾತು ಸಂಸ್ಥೆಯ ಹುಟ್ಟುಪತ್ರದಲ್ಲಿಯೇ ಬರೆದಿದ್ದರೂ, ಹಣವೂ ಕಟ್ಟಡವೂ ಕೀರ್ತಿಯೂ ಒದಗಿದ್ದರೂ, ಆ ಭಾಷೆ ಶಾಲೆಯ ಪಡಸಾಲೆಯಿಂದ ಹಿತ್ತಿಲಿಗೆ ಸರಿದ ಉದಾಹರಣೆಗಳಿವೆ. ಅವುಗಳಲ್ಲಿ ಒಂದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕೆನಿಸಿದೆ. ಅದು ವೇಲ್ಸ್ ದೇಶದ ಲಾಂಡೋವರಿ ಕಾಲೇಜು. ಹೆಸರು ಕಾಲೇಜಾದರೂ ಅದು ವಸತಿ ಶಾಲೆ. ಹುಟ್ಟಿದಂದಿನಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಗಂಡುಮಕ್ಕಳ ಶಾಲೆಯಾಗಿಯೇ ನಡೆದು, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೆಣ್ಣುಮಕ್ಕಳಿಗೂ ತೆರೆದುಕೊಂಡಿತು. ಇಂದು ಅದರ ಹೆಸರು ಕೇಳಿದವರಿಗೆ ಮೊದಲು ನೆನಪಾಗುವುದು ರಗ್ಬಿ ಆಟ.

ಕಾರ್ಮಾರ್ದನ್ ಸೀಮೆಯ ಈ ಸಣ್ಣ ಪೇಟೆಗೆ ವೆಲ್ಷ್ ಭಾಷೆಯಲ್ಲಿ ‘ನೀರುಗಳ ನಡುವಣ ಇಗರ್ಜಿ’ ಎಂಬರ್ಥದ ಹೆಸರಿದೆ. ಊರು ಚಿಕ್ಕದು, ಭಾಷೆಯ ದೃಷ್ಟಿಯಿಂದ ದೊಡ್ಡದು. ವೆಲ್ಷ್ ಭಾಷೆಯ ಅತಿ ದೊಡ್ಡ ಸ್ತೋತ್ರಕವಿ ವಿಲಿಯಂ ವಿಲಿಯಮ್ಸ್ ಪಂಟಿಕೆಲಿನ್ ಬಾಳಿದ ಹೊಲಮನೆ ಇಲ್ಲಿಗೆ ಹತ್ತಿರ. ಮಧ್ಯಯುಗದ ವೆಲ್ಷ್ ಕಥಾಸಂಪುಟ ‘ಮ್ಯಾಬಿನೋಗಿಯನ್’ ಲೇಡಿ ಷಾರ್ಲೆಟ್ ಗೆಸ್ಟ್ ಅವರ ಇಂಗ್ಲಿಷ್ ಅನುವಾದದೊಡನೆ 1838ರಿಂದ ಕಂತುಕಂತಾಗಿ ಅಚ್ಚಾದದ್ದು ಈ ಪೇಟೆಯ ಮುದ್ರಣಾಲಯದಲ್ಲಿ. ಮಂಜೇಶ್ವರದ ಗೋವಿಂದ ಪೈಗಳನ್ನೂ ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈಗಳನ್ನೂ ಬಲ್ಲ ನಮಗೆ ಇಂಥ ಊರು ಅಪರಿಚಿತವೆನಿಸಬೇಕಾಗಿಲ್ಲ.

ಶಾಲೆಯನ್ನು ಕಟ್ಟಿಸಿದವರು ಥಾಮಸ್ ಫಿಲಿಪ್ಸ್. 1760ರಲ್ಲಿ ಹುಟ್ಟಿದ ಇವರು ಈಸ್ಟ್ ಇಂಡಿಯಾ ಕಂಪನಿಯ ಶಸ್ತ್ರವೈದ್ಯರಾಗಿ ಬಂಗಾಳದಲ್ಲಿ ದುಡಿದು, ಸಂಪಾದಿಸಿ, ಲಂಡನ್ನಿಗೆ ಮರಳಿ ಅಲ್ಲಿ ನೆಲಸಿದವರು. ಅಂದರೆ ವೆಲ್ಷ್ ಭಾಷೆಗಾಗಿ ಹುಟ್ಟಿದ ಆ ಶಾಲೆಯ ಅಡಿಪಾಯದಲ್ಲಿ ನಮ್ಮ ದೇಶದ ಹಣವೂ ಬೆರೆತಿದೆ! (ಅದನ್ನು ಯಾರೂ ನಮಗೆ ಮರಳಿಸುವುದಿಲ್ಲ, ಅದರಿಂದ ಒಂದು ಪಾಠವನ್ನಾದರೂ ಪಡೆಯೋಣ.) ತಾವು ಹೊರಗೆ ಬಾಳಿದರೂ ತಮ್ಮ ಪೂರ್ವಿಕರ ನಾಡಿನ ಭಾಷೆಗೆ ಶಾಲೆಯಲ್ಲಿ ನೆಲೆಯಿಲ್ಲವೆಂಬ ಕೊರಗು ಈ ವೃದ್ಧರನ್ನು ಕಾಡಿತ್ತು. ವೆಲ್ಷ್ ಸಂಸ್ಕೃತಿಯ ದೊಡ್ಡ ಪೋಷಕಿಯಾಗಿದ್ದ ಲೇಡಿ ಲಾನೋವರ್ ಅವರ ಬೆಂಬಲವೂ ದೊರೆಯಿತು. 1847ರಲ್ಲಿ ಸಿದ್ಧವಾದ ದಾನಪತ್ರ ಪ್ರತಿದಿನ ಒಂದು ಗಂಟೆಯನ್ನು ವೆಲ್ಷ್ ಭಾಷೆಗೆಂದೇ ಮೀಸಲಿಟ್ಟಿತು. ಅದು ಕೇವಲ ವ್ಯಾಕರಣದ ಪಾಠವಾಗದೆ ಬೋಧನೆಯ ಭಾಷೆಯೂ ಆಗಬೇಕೆಂದು ಬಯಸಿತು. ವೆಲ್ಷ್ ಮಾತಾಡುವ ಜನರ ನಡುವೆ ಕೆಲಸ ಮಾಡಬೇಕಾದ ಪಾದ್ರಿಗಳಿಗೂ ಇತರರಿಗೂ ಆ ಭಾಷೆ ಪಂಡಿತರ ಮಟ್ಟದಲ್ಲಿ ಬರಬೇಕೆಂಬುದು ಅದರ ಉದ್ದೇಶ. ಆ ಕಾಲದ ವೇಲ್ಸಿನಲ್ಲಿ ಇಂಥ ಮಾತನ್ನು ಕಾಗದದ ಮೇಲೆ ಬರೆದ ಶಾಲೆಯನ್ನು ಹುಡುಕುವುದು ಕಷ್ಟವಾಗಿತ್ತು.

ಏಕೆಂದರೆ ಅದೇ 1847 ವೇಲ್ಸಿನ ಇತಿಹಾಸದಲ್ಲಿ ಇನ್ನೊಂದು ಕಾರಣಕ್ಕೆ ಕುಖ್ಯಾತವಾಗಿದೆ. ವೇಲ್ಸಿನ ಶಿಕ್ಷಣದ ಸ್ಥಿತಿಗತಿಯನ್ನು ಪರೀಕ್ಷಿಸಲು ಸರ್ಕಾರ ಕಳುಹಿಸಿದ ಮೂವರು ಆಯುಕ್ತರ ವರದಿ ಆ ವರ್ಷ ಹೊರಬಂತು. ಮೂವರಿಗೂ ವೆಲ್ಷ್ ಬಾರದು. ಜನರ ಬಡತನಕ್ಕೂ ಅಜ್ಞಾನಕ್ಕೂ, ಸಾಲದೆಂಬಂತೆ ನಡತೆಗೂ ಅವರ ಭಾಷೆಯೇ ಅಡ್ಡಿಯೆಂಬ ಧಾಟಿಯಲ್ಲಿ ಅದು ಮಾತಾಡಿತು. ನೀಲಿ ಹೊದಿಕೆಯ ಆ ಸಂಪುಟಗಳನ್ನು ವೆಲ್ಷ್ ಜನ ಇಂದಿಗೂ ‘ನೀಲಿ ಪುಸ್ತಕಗಳ ದ್ರೋಹ’ ಎಂದು ನೆನೆಯುತ್ತಾರೆ. ಗಮನಿಸಬೇಕಾದ ಸಂಗತಿಯೆಂದರೆ, ಆ ವಿಚಾರಣೆ ನಡೆಯಲಿ ಎಂದು ಸಂಸತ್ತಿನಲ್ಲಿ ಒತ್ತಾಯಿಸಿದ ಸದಸ್ಯರು ಕಾರ್ಮಾರ್ದನ್ ಸೀಮೆಯಲ್ಲಿಯೇ ಹುಟ್ಟಿ, ಲಂಡನ್ನಿನಲ್ಲಿ ವ್ಯಾಪಾರದಿಂದ ಮೇಲೆ ಬಂದವರು. ಭಾಷೆಯ ಮೇಲೆ ತೀರ್ಪು ಕೊಡಿಸುವವರು ಎಲ್ಲ ಕಾಲದಲ್ಲಿಯೂ ಹೊರಗಿನಿಂದ ಬರುವುದಿಲ್ಲ.

ಅದೇ ಶತಮಾನದಲ್ಲಿ ಅನೇಕ ಶಾಲೆಗಳಲ್ಲಿ ‘ವೆಲ್ಷ್ ನಾಟ್’ ಎಂಬ ಮರದ ತುಂಡೊಂದು ಬಳಕೆಯಲ್ಲಿತ್ತು. ಶಾಲೆಯಲ್ಲಿ ತಾಯಿನುಡಿಯಾಡಿದ ಮಗುವಿನ ಕೊರಳಿಗೆ ಅದನ್ನು ತೂಗುಹಾಕುತ್ತಿದ್ದರು. ಆ ಮಗು ಇನ್ನೊಂದು ಮಗು ವೆಲ್ಷ್ ಆಡುವುದನ್ನು ಕೇಳಿದರೆ ತುಂಡು ಅದರ ಕೊರಳಿಗೆ ವರ್ಗವಾಗುತ್ತಿತ್ತು. ದಿನದ ಕೊನೆಗೆ ಅದು ಯಾರ ಕೊರಳಲ್ಲಿ ಉಳಿಯಿತೋ ಅವರಿಗೆ ಪೆಟ್ಟು. ಇದು ಸರ್ಕಾರ ಹೊರಡಿಸಿದ ಆಜ್ಞೆಯಾಗಿರಲಿಲ್ಲ. ಮಾಸ್ತರರು ತಾವಾಗಿಯೇ ನಡೆಸಿದರು. ಬಹಳ ಕಡೆ ತಂದೆತಾಯಿಗಳೂ ಒಪ್ಪಿದ್ದರು. ಮಗ ಬೇಗ ಇಂಗ್ಲಿಷ್ ಕಲಿತು ಗಣಿಯಿಂದಲೋ ಹೊಲದಿಂದಲೋ ಪಾರಾಗಲಿ ಎಂಬುದು ಅವರ ಆಸೆ. ಅವರನ್ನು ನಾನು ಹಳಿಯಲಾರೆ. ಆಂಗ್ಲ ಮಾಧ್ಯಮದ ಶಾಲೆಯ ಬಸ್ಸು ಮನೆಯ ಮುಂದೆ ನಿಂತಾಗ ನಮ್ಮ ಮನೆಗಳಲ್ಲಿ ನಡೆಯುವ ಲೆಕ್ಕಾಚಾರವೂ ಇದಕ್ಕಿಂತ ಬೇರೆಯಲ್ಲ.

ಮತ್ತೆ ಲಾಂಡೋವರಿಗೆ ಬರೋಣ. ಮೊದಲ ಮುಖ್ಯಸ್ಥರಾಗಿ ಬಂದ ಜಾನ್ ವಿಲಿಯಮ್ಸ್ ಎಡಿನ್‌ಬರೋ ಅಕಾಡೆಮಿಯನ್ನು ನಡೆಸಿ ಹೆಸರಾದ ವಿದ್ವಾಂಸರು. ಸರ್ ವಾಲ್ಟರ್ ಸ್ಕಾಟ್ ತಮ್ಮ ಮಗನನ್ನು ಅವರ ಬಳಿ ಓದಿಗೆ ಬಿಟ್ಟಿದ್ದರು. ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಷ್ಟೇ ಗೌರವದಿಂದ ವೆಲ್ಷ್ ಭಾಷೆಯನ್ನು ಕಾಣಬಲ್ಲವರು. ಅವರ ಕಾಲ ಕೆಲವೇ ವರ್ಷ. ಅವರ ತರುವಾಯ ಶಾಲೆ ಮೆಲ್ಲಮೆಲ್ಲಗೆ ಇಂಗ್ಲೆಂಡಿನ ಶ್ರೀಮಂತ ವಸತಿ ಶಾಲೆಗಳ ಅಚ್ಚಿಗೆ ಇಳಿಯಿತು. ದಾನಪತ್ರವನ್ನು ಯಾರೂ ಹರಿದು ಹಾಕಲಿಲ್ಲ. ಯಾವ ಶತ್ರುವೂ ಬಾಗಿಲು ಒಡೆದು ಒಳಬರಲಿಲ್ಲ. ಒಳ್ಳೆಯ ಫಲಿತಾಂಶವೆಂದರೆ ಆಕ್ಸ್‌ಫರ್ಡಿನ ವಿದ್ಯಾರ್ಥಿವೇತನವೆಂಬ ಭಾವನೆ ಬೇರೂರಿತು. ಆಕ್ಸ್‌ಫರ್ಡಿನ ಪರೀಕ್ಷೆಯಲ್ಲಿ ವೆಲ್ಷ್ ಭಾಷೆಗೆ ಬೆಲೆಯಿರಲಿಲ್ಲ. ಅಲ್ಲಿ ಗೆದ್ದವರು ಮರಳಿ ಮಾಸ್ತರರಾಗಿ ಬಂದಾಗ ತಾವು ಗೆದ್ದ ವಿದ್ಯೆಯನ್ನೇ ಕಲಿಸಿದರು. ಶುಲ್ಕ ತೆತ್ತು ಮಕ್ಕಳನ್ನು ಬಿಟ್ಟವರೂ ಕೇಳಿದ್ದು ಅದನ್ನೇ.

ದಾನಪತ್ರಕ್ಕೆ ಟ್ರಸ್ಟಿಗಳನ್ನು ಕಟ್ಟಿಹಾಕುವ ಶಕ್ತಿಯಿತ್ತು. ಪೋಷಕರ ಆಸೆಯನ್ನು ಕಟ್ಟಿಹಾಕುವ ಶಕ್ತಿ ಇರಲಿಲ್ಲ. ಗಂಟೆಯ ಲೆಕ್ಕದಲ್ಲಿಯೂ ಒಂದು ತೊಡಕಿತ್ತು. ದಿನದ ಮಿಕ್ಕ ಹೊತ್ತೆಲ್ಲ ಗಣಿತ, ಇತಿಹಾಸ, ಆಟ, ಊಟ, ಬೈಗುಳ ಎಲ್ಲವೂ ಬೇರೆ ಭಾಷೆಯಲ್ಲಿ ನಡೆಯುವಾಗ, ಒಂದು ಗಂಟೆಯ ಭಾಷೆ ಎಷ್ಟೇ ಮರ್ಯಾದೆಯಿಂದ ಕೂರಿಸಿದರೂ ಅತಿಥಿಯಾಗಿಯೇ ಉಳಿಯುತ್ತದೆ. ಅತಿಥಿ ಎದ್ದು ಹೋದದ್ದನ್ನು ಗುರುತಿಸುವವರು ಕಡಿಮೆ.

ಆ ಶಾಲೆಗೆ ವೇಲ್ಸಿನಾದ್ಯಂತ ಹೆಸರು ತಂದದ್ದು ಇನ್ನೊಂದು. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವ, ಓಡುವವನನ್ನು ಹಿಡಿದು ಕೆಡಹುವ, ಹದಿನೈದು ಹದಿನೈದು ಮಂದಿಯ ಆ ಆಟ ಹುಟ್ಟಿದ್ದು ಇಂಗ್ಲೆಂಡಿನ ರಗ್ಬಿ ಎಂಬ ಊರಿನ ಶಾಲೆಯಲ್ಲಿ. ಫುಟ್ಬಾಲಿನ ಓಟಕ್ಕೆ ಕಬಡ್ಡಿಯ ಪಟ್ಟು ಸೇರಿದಂತೆ ಎಂದರೆ ನಮ್ಮ ಹುಡುಗರಿಗೆ ಅರ್ಥವಾದೀತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅದು ವೇಲ್ಸಿಗೆ ಬಂದದ್ದು ಲ್ಯಾಂಪೀಟರಿನ ದೈವಶಾಸ್ತ್ರ ಕಾಲೇಜಿನ ಮೂಲಕ ಎನ್ನುತ್ತಾರೆ; ಲ್ಯಾಂಪೀಟರಿಗೂ ಲಾಂಡೋವರಿಗೂ ನಡೆದ ಪಂದ್ಯಗಳು ಆ ನಾಡಿನ ಅತಿ ಹಳೆಯವುಗಳ ಪೈಕಿ. 1881ರಲ್ಲಿ ನೀತ್ ಪಟ್ಟಣದ ಹೋಟೆಲೊಂದರಲ್ಲಿ ವೇಲ್ಸಿನ ರಗ್ಬಿ ಒಕ್ಕೂಟ ಹುಟ್ಟಿದಾಗ ಕೂಡಿದ ತಂಡಗಳಲ್ಲಿ ಈ ಎರಡೂ ಊರುಗಳ ಹೆಸರಿವೆ. ಅಲ್ಲಿಂದ ಮುಂದೆ ತಲೆಮಾರಿನಿಂದ ತಲೆಮಾರಿಗೆ ವೇಲ್ಸಿನ ಅಂಗಿ ತೊಟ್ಟ ಆಟಗಾರರನ್ನು ಈ ಶಾಲೆ ಕೊಡುತ್ತ ಬಂತು. ನಮ್ಮ ಕಾಲದ ಅಲನ್ ವಿನ್ ಜೋನ್ಸ್, ಜಾರ್ಜ್ ನಾರ್ತ್ ಇಬ್ಬರೂ ಅಲ್ಲಿ ಓದಿದವರು.

ಆಟದ ಬಗ್ಗೆ ನನಗೆ ತಕರಾರಿಲ್ಲ. ಯಜಮಾನರ ಮಕ್ಕಳು ಆಡುತ್ತಿದ್ದ ಆಟವನ್ನು ಗಣಿಕಾರ್ಮಿಕರು ಕಿತ್ತುಕೊಂಡು ತಮ್ಮದಾಗಿಸಿಕೊಂಡ ಬಗೆ ಸಾಮಾನ್ಯವಾದದ್ದಲ್ಲ. 1905ರ ಡಿಸೆಂಬರ್ 16ರಂದು ಕಾರ್ಡಿಫ್ ಪಟ್ಟಣದಲ್ಲಿ, ಆವರೆಗೆ ಆ ಪ್ರವಾಸದಲ್ಲಿ ಯಾರಿಗೂ ಸೋಲದಿದ್ದ ನ್ಯೂಜಿಲೆಂಡ್ ತಂಡವನ್ನು ವೇಲ್ಸ್ 3–0 ಅಂತರದಿಂದ ಸೋಲಿಸಿತು. ಅಂದು ಎದುರಾಳಿಗಳ ಹಾಕಾ ಕುಣಿತಕ್ಕೆ ಉತ್ತರವಾಗಿ ವೇಲ್ಸಿನ ಆಟಗಾರರೂ ನೆರೆದ ಜನಸ್ತೋಮವೂ ತಮ್ಮ ನಾಡಗೀತೆಯನ್ನು ಹಾಡಿದರು. ಪಂದ್ಯದ ಮುನ್ನ ನಾಡಗೀತೆ ಹಾಡುವ ಪದ್ಧತಿ ಲೋಕದಲ್ಲಿ ಹಬ್ಬಿದ್ದಕ್ಕೆ ಈ ಘಟನೆಯನ್ನೇ ಮೂಲವಾಗಿ ತೋರಿಸುತ್ತಾರೆ. ಆ ಗೀತೆ ವೆಲ್ಷ್ ಭಾಷೆಯದು; ಅದರ ಕೊನೆಯ ಹಾರೈಕೆ ಆ ಹಳೆಯ ಭಾಷೆಯನ್ನೇ ಕುರಿತದ್ದು. ಅಂದು ನಾಡಿನ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆ ಭಾಷೆ ಬರುತ್ತಿತ್ತು. 1971ರ ಜನಗಣತಿಯ ವೇಳೆಗೆ ಐವರಲ್ಲಿ ಒಬ್ಬರು ಉಳಿದಿದ್ದರು. 1970ರ ದಶಕವೋ ವೆಲ್ಷ್ ರಗ್ಬಿಯ ಸುವರ್ಣಕಾಲ! ಕಾರ್ಡಿಫ್ ಮೈದಾನದಲ್ಲಿ ಹಾಡಿನ ಘೋಷ ಮುಗಿಲು ಮುಟ್ಟುತ್ತಿದ್ದಾಗ ಹಾಡುವವರಲ್ಲಿ ಬಹುಪಾಲು ಜನ ಮನೆಗೆ ಹೋಗಿ ಮಕ್ಕಳೊಡನೆ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ರಗ್ಬಿ ಭಾಷೆಯನ್ನು ಕೊಂದಿತೆಂದು ನಾನು ಹೇಳುತ್ತಿಲ್ಲ. ಅದು ಮೂರ್ಖತನದ ಮಾತಾದೀತು. ಎಂಬತ್ತು ನಿಮಿಷದ ಅಭಿಮಾನ ನಮ್ಮಿಂದ ಗಂಟಲನ್ನು ಬಿಟ್ಟು ಬೇರೇನನ್ನೂ ಬೇಡುವುದಿಲ್ಲ. ಭಾಷೆ ಬೇಡುವುದು ಸಂಜೆಯ ಹೊತ್ತನ್ನು, ಶಾಲೆಯ ಆಯ್ಕೆಯನ್ನು, ನೆರೆಯವರ ಕುಹಕವನ್ನು ಸಹಿಸುವ ತಾಳ್ಮೆಯನ್ನು. ಸುಲಭದ ಅಭಿಮಾನ ಕಷ್ಟದ ಅಭಿಮಾನದ ಹಸಿವನ್ನು ಇಂಗಿಸಿಬಿಡುತ್ತದೆ.

ಇವೆರಡನ್ನೂ ಒಂದೇ ಬಾಳಿನಲ್ಲಿ ಹಿಡಿದವರೂ ಇದ್ದರು. ಕಾರ್ವಿನ್ ಜೇಮ್ಸ್ ವೇಲ್ಸಿಗಾಗಿ ಎರಡು ಪಂದ್ಯವಾಡಿದವರು. 1971ರಲ್ಲಿ ಬ್ರಿಟಿಷ್ ಲಯನ್ಸ್ ತಂಡ ನ್ಯೂಜಿಲೆಂಡಿನಲ್ಲಿ ಸರಣಿ ಗೆದ್ದಾಗ ಅದರ ತರಬೇತುದಾರರು. ಲಯನ್ಸ್ ಅಲ್ಲಿ ಸರಣಿ ಗೆದ್ದದ್ದು ಅದೊಂದೇ ಸಲ. ಮರುವರ್ಷ ಅವರ ಕೈಕೆಳಗೆ ಲನೆಲ್ಲಿಯೆಂಬ ಪಟ್ಟಣದ ತಂಡ ನ್ಯೂಜಿಲೆಂಡನ್ನು 9–3ರಿಂದ ಸೋಲಿಸಿತು. ಇಷ್ಟು ದೊಡ್ಡ ಆಟದ ಗುರು ಅದಕ್ಕೂ ಮೊದಲು ಲಾಂಡೋವರಿಯಲ್ಲಿ ಮಾಸ್ತರರಾಗಿದ್ದರು. ಅವರು ಕಲಿಸುತ್ತಿದ್ದ ವಿಷಯ ವೆಲ್ಷ್ ಭಾಷೆ ಮತ್ತು ಸಾಹಿತ್ಯ. ಬೆಳಿಗ್ಗೆ ಕಾವ್ಯ, ಸಂಜೆ ಮೈದಾನ. ಅಂಥ ಗುರು ದೊರೆತ ಹುಡುಗರು ಭಾಗ್ಯವಂತರು. ಆದರೂ ಅವರು ಕಲಿಸಿದ್ದು ವೇಳಾಪಟ್ಟಿಯ ಒಂದು ವಿಷಯವನ್ನು. ಶಾಲೆಯ ಉಸಿರಿನ ಭಾಷೆ ಆ ವೇಳೆಗೆ ಬೇರೆಯಾಗಿತ್ತು. ಒಬ್ಬ ದೊಡ್ಡ ಶಿಕ್ಷಕನಿಂದ ಭಾಷೆಯ ಮೇಲೆ ಪ್ರೀತಿ ಹುಟ್ಟಬಹುದು. ಆ ಪ್ರೀತಿ ಬಾಳಲು ಗಣಿತವನ್ನೂ ಆ ಭಾಷೆಯಲ್ಲಿ ಹೇಳಿಕೊಡುವ ಹತ್ತು ಮಂದಿ ಸಾಧಾರಣ ಶಿಕ್ಷಕರು ಬೇಕು.

ಅಂಥ ಶಿಕ್ಷಕರುಳ್ಳ ಶಾಲೆಗಳು ವೇಲ್ಸಿನಲ್ಲಿ ಹುಟ್ಟಿದವು. ಅವು ಹುಟ್ಟಿದ್ದು ಕಲ್ಲಿನ ಕಮಾನುಗಳ ಹಳೆಯ ಶಾಲೆಗಳಲ್ಲಲ್ಲ. 1939ರಲ್ಲಿ ಮಹಾಯುದ್ಧ ಆರಂಭವಾದಾಗ ಲಿವರ್‌ಪೂಲಿನಿಂದ ಸ್ಥಳಾಂತರಗೊಂಡ ಮಕ್ಕಳು ಅಬೆರಿಸ್ಟ್‌ವಿತ್ ಪಟ್ಟಣದ ಶಾಲೆಯನ್ನು ತುಂಬಿದರು. ತರಗತಿಯ ಭಾಷೆ ಇಂಗ್ಲಿಷಾಗುವುದು ಖಚಿತವಾಯಿತು. ಆಗ ಇವಾನ್ ಅಬ್ ಓವೆನ್ ಎಡ್ವರ್ಡ್ಸ್ ಎಂಬವರು ತಾವು ಕಟ್ಟಿದ್ದ ಯುವಸಂಘಟನೆಯ ಸಭಾಂಗಣದಲ್ಲಿ ವೆಲ್ಷ್ ಮಾಧ್ಯಮದ ಖಾಸಗಿ ಶಾಲೆಯೊಂದನ್ನು ತೆರೆದರು. ನೋರಾ ಐಸಾಕ್ ಎಂಬ ತರುಣಿ ಶಿಕ್ಷಕಿ. ಮಕ್ಕಳು ಏಳು ಮಂದಿ. ಆ ಏಳರಲ್ಲಿ ಸ್ಥಾಪಕರ ಸ್ವಂತ ಮಗನೂ ಒಬ್ಬ. ಈ ಕೊನೆಯ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ. ಇನ್ನೊಂದು ಎಳೆಯೂ ಇದೆ: ಸ್ಥಾಪಕರ ತಂದೆ ಓ. ಎಂ. ಎಡ್ವರ್ಡ್ಸ್ ಬಾಲ್ಯದಲ್ಲಿ ಕೊರಳಿಗೆ ‘ವೆಲ್ಷ್ ನಾಟ್’ ಕಟ್ಟಿಸಿಕೊಂಡು ಅದರ ಕಹಿಯನ್ನು ಬರೆದಿಟ್ಟವರು. ಮುಂದೆ ವೇಲ್ಸಿನ ಶಾಲೆಗಳ ಮುಖ್ಯ ಪರಿವೀಕ್ಷಕರಾದವರು. ಅಜ್ಜನ ಕೊರಳಿನ ಮರದ ತುಂಡು ಮೊಮ್ಮಗನ ಶಾಲೆಯಾಗಲು ಮೂರು ತಲೆಮಾರು ಹಿಡಿಯಿತು.

ಮುಂದಿನದು ಬೇಗ ನಡೆಯಿತು. 1947ರಲ್ಲಿ ಲನೆಲ್ಲಿಯಲ್ಲಿ, ಪೋಷಕರ ಒತ್ತಾಯದಿಂದ, ಸ್ಥಳೀಯ ಸರ್ಕಾರವೇ ನಡೆಸುವ ಮೊದಲ ವೆಲ್ಷ್ ಮಾಧ್ಯಮ ಪ್ರಾಥಮಿಕ ಶಾಲೆ. 1956ರಲ್ಲಿ ಗ್ಲಾನ್ ಕ್ಲುಯಿಡ್ ಎಂಬ ಮೊದಲ ಪ್ರೌಢಶಾಲೆ. 1962ರಲ್ಲಿ ದಕ್ಷಿಣದ ಗಣಿಸೀಮೆಯಲ್ಲಿ ರಿದ್‌ವೆಲೆನ್. 1971ರಲ್ಲಿ ಶಿಶುವಿಹಾರಗಳ ಚಳವಳಿ. ಇಂದು ವೇಲ್ಸಿನ ಎಳೆಯ ಮಕ್ಕಳಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ವೆಲ್ಷ್ ಮಾಧ್ಯಮದಲ್ಲಿ ಕಲಿಯುತ್ತಾರೆ. ಅವರಲ್ಲಿ ಅನೇಕರ ಮನೆಯಲ್ಲಿ ಆ ಭಾಷೆಯಿಲ್ಲ. ಮೇಲೆ ಹೇಳಿದ ಜಾರ್ಜ್ ನಾರ್ತ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಚಿಕ್ಕಂದಿನಲ್ಲಿ ಆಂಗಲ್ಸಿ ದ್ವೀಪದಲ್ಲಿ ಬೆಳೆದು ವೆಲ್ಷ್ ಕಲಿತು, ಆಮೇಲೆ ರಗ್ಬಿಗಾಗಿ ಲಾಂಡೋವರಿ ಸೇರಿದವರು. ಹಾಗೆಂದು ಎಲ್ಲವೂ ಸುಗಮವಾಯಿತೆಂದು ಭಾವಿಸಬಾರದು. 2021ರ ಜನಗಣತಿಯಲ್ಲಿ ವೆಲ್ಷ್ ಬಲ್ಲವರ ಪ್ರಮಾಣ ಶೇಕಡಾ 17.8ಕ್ಕೆ ಇಳಿದಿದೆ. ಶಾಲೆಯಲ್ಲಿ ಕಲಿತದ್ದು ಅಂಗಡಿಯಲ್ಲಿ, ಪ್ರೀತಿಯಲ್ಲಿ, ಜಗಳದಲ್ಲಿ ಬಳಕೆಯಾಗದಿದ್ದರೆ ನಿಲ್ಲದು ಎಂಬ ಆತಂಕ ಅವರಿಗಿದೆ.

ನಮ್ಮ ಸ್ಥಿತಿ ಅವರದಕ್ಕಿಂತ ಹಲವು ರೀತಿಯಲ್ಲಿ ಬೇರೆ. ಅವರಿಗೆ ಈಗ ತಮ್ಮದೇ ಸರ್ಕಾರವಿದೆ; ನಾವು ಇನ್ನೊಂದು ಭಾಷೆಯ ರಾಜ್ಯದ ಅಂಚಿನಲ್ಲಿದ್ದೇವೆ. ಅವರ ಮಗು ಎರಡು ಭಾಷೆಯನ್ನು ಹೊರಬೇಕು. ಅಕ್ಕಲಕೋಟೆಯ ಮಗು ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕನ್ನೂ ಹೊರಬೇಕು. ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಕನ್ನಡಕ್ಕೂ ಮೊದಲು ತುಳುವೋ ಹವ್ಯಕವೋ ಕೊಂಕಣಿಯೋ ಇದೆ. ಅವರ ಭಾಷೆಗೆ ಬೇರೆಲ್ಲಿಯೂ ತವರಿಲ್ಲ. ನಮಗೆ ಪಕ್ಕದಲ್ಲೇ ಒಂದು ದೊಡ್ಡ ತವರಿದೆ, ಅದು ನಮ್ಮನ್ನು ನವೆಂಬರಿನಲ್ಲಿ ತಪ್ಪದೆ ನೆನೆಯುತ್ತದೆ. ರಾಜ್ಯದ ಭಾಷೆಯನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲೇಬೇಕು. ಮಲಯಾಳವೋ ತಮಿಳೋ ತೆಲುಗೋ ಬಾರದ ಹುಡುಗ ತನ್ನ ತಾಲ್ಲೂಕು ಕಚೇರಿಯಲ್ಲಿಯೇ ಪರದೇಶಿಯಾಗುತ್ತಾನೆ. ವೆಲ್ಷ್ ಮಾಧ್ಯಮದ ಮಕ್ಕಳೂ ಇಂಗ್ಲಿಷನ್ನು ಬಿಟ್ಟವರಲ್ಲ. ಒಂದು ಭಾಷೆಯಲ್ಲಿ ಗಟ್ಟಿಯಾಗಿ ಓದಲು ಬರೆಯಲು ಕಲಿತ ಮಗುವಿಗೆ ಎರಡನೆಯದು ಮೂರನೆಯದು ಒಗ್ಗುತ್ತದೆ ಎಂಬುದಕ್ಕೆ ಅವರ ಎಂಬತ್ತು ವರ್ಷಗಳ ಅನುಭವ ನಮ್ಮೆದುರಿಗಿದೆ.

ಅಭಿಮಾನದ ವಿಷಯದಲ್ಲಿ ನಾವು ಬಡವರಲ್ಲ. ಯಕ್ಷಗಾನವಿದೆ, ಭಜನಾ ಮಂಡಳಿಗಳಿವೆ, ಗಡಿನಾಡ ಉತ್ಸವಗಳಿವೆ, ಕೆಂಪು ಹಳದಿ ಶಾಲುಗಳಿವೆ. ಉತ್ಸವದ ವೇದಿಕೆಯಲ್ಲಿ ಕನ್ನಡ ಶಾಲೆ ಉಳಿಯಲೆಂದು ಭಾಷಣ ಮಾಡುವ ಮಹನೀಯರಲ್ಲಿ ಎಷ್ಟು ಜನರ ಮಕ್ಕಳು ಆ ಶಾಲೆಯಲ್ಲಿದ್ದಾರೆ ಎಂದು ಕೇಳುವುದು ಒರಟುತನವೆನಿಸಬಹುದು. ಅಬೆರಿಸ್ಟ್‌ವಿತ್‌ನ ಸಭಾಂಗಣದಲ್ಲಿ ಆ ಪ್ರಶ್ನೆಗೆ ಉತ್ತರ ಬೆಂಚಿನ ಮೇಲೆ ಕುಳಿತಿತ್ತು.

ಈಗ ಲೆಕ್ಕದ ಮಾತು. 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದಿಂದ ಬಂದು, ರಾಜ್ಯಗಳ ಪುನರ್ವಿಂಗಡಣೆಯ ಕಾಲದಲ್ಲಿ ಮತ್ತೆ ಒಪ್ಪಿಕೊಂಡ ಸೂತ್ರ ಹೀಗಿದೆ: ಪ್ರಾಥಮಿಕ ಶಾಲೆಯಲ್ಲಿ ನಲವತ್ತು ಮಕ್ಕಳು, ಅಥವಾ ಒಂದು ತರಗತಿಯಲ್ಲಿ ಹತ್ತು ಮಕ್ಕಳು ಅಲ್ಪಸಂಖ್ಯಾತ ಭಾಷೆಯವರಿದ್ದರೆ ಆ ಭಾಷೆಯಲ್ಲಿ ಕಲಿಸುವ ಏರ್ಪಾಡಾಗಬೇಕು. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ತರಗತಿಗೆ ಕಳುಹಿಸಿದಾಗ ಹೋರಾಡಲು ಈ ಹತ್ತು ಬೇಕು. ಹುದ್ದೆ ಖಾಲಿ ಬಿದ್ದಾಗ ಅರ್ಜಿ ಹಾಕಲು ಈ ಹತ್ತು ಬೇಕು. ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಬರೆಯಲು ಬೇಕಾದದ್ದೂ ಹಾಜರಿ ಪುಸ್ತಕದ ಈ ಹತ್ತು ಹೆಸರುಗಳೇ. ಒಂಬತ್ತಾದ ದಿನ ನಮ್ಮ ವಾದ ಸೊರಗುತ್ತದೆ. ಆದ್ದರಿಂದ ಏಪ್ರಿಲ್, ಮೇ ತಿಂಗಳಲ್ಲಿ, ದಾಖಲಾತಿಯ ಗಡುವಿಗೆ ಮೊದಲು, ಒಂದೊಂದು ಕೇರಿಯ ಐದಾರು ಮನೆಯವರು ಒಟ್ಟಿಗೆ ಕೂತು ನಿರ್ಧರಿಸುವುದು ಒಳ್ಳೆಯದು. ಒಂಟಿ ಪೋಷಕನಿಗೆ ‘ನನ್ನ ಮಗುವಿನ ಮೇಲೆ ಪ್ರಯೋಗವೇ?’ ಎಂಬ ಅಂಜಿಕೆ ಸಹಜ. ಆರು ಮಂದಿ ಜತೆಯಾದರೆ ಅಂಜಿಕೆ ಆರು ಪಾಲಾಗುತ್ತದೆ. ಹಾಗೆ ಸೇರಿಸಿದವರು ಶಾಲೆಗೆ ಬೇಕಾದ್ದನ್ನೂ ಧೈರ್ಯದಿಂದ ಕೇಳಬಹುದು: ಒಳ್ಳೆಯ ಇಂಗ್ಲಿಷ್ ಪಾಠ, ಶೌಚಾಲಯ, ಆಟದ ಬಯಲು.

ಕನ್ನಡ ಶಾಲೆ ನಡೆದುಹೋಗುವಷ್ಟು ಹತ್ತಿರದಲ್ಲಿ ಇಲ್ಲದ ಊರುಗಳೂ ಇವೆ. ಅಲ್ಲಿಯವರಿಗೆ ವೇಲ್ಸಿನ ಇನ್ನೊಂದು ಹಳೆಯ ಏರ್ಪಾಡು ಹೆಚ್ಚು ಉಪಯೋಗವಾದೀತು. ಹದಿನೆಂಟನೆಯ ಶತಮಾನದಲ್ಲಿ ಗ್ರಿಫಿತ್ ಜೋನ್ಸ್ ಎಂಬ ಪಾದ್ರಿ ಸಂಚಾರಿ ಶಾಲೆಗಳನ್ನು ನಡೆಸಿದರು. ಒಬ್ಬ ಮಾಸ್ತರ ಒಂದು ಊರಿಗೆ ಬಂದು ಸುಮಾರು ಮೂರು ತಿಂಗಳು ನಿಂತು, ಬೇಸಾಯದ ಕೆಲಸ ಕಡಿಮೆಯಿರುವ ಚಳಿಗಾಲದಲ್ಲಿ, ದೊಡ್ಡವರಿಗೂ ಮಕ್ಕಳಿಗೂ ವೆಲ್ಷ್ ಓದಲು ಕಲಿಸಿ ಮುಂದಿನ ಊರಿಗೆ ಹೋಗುತ್ತಿದ್ದ. ಆಮೇಲೆ ಆ ಕೆಲಸವನ್ನು ಭಾನುವಾರದ ಶಾಲೆಗಳು ವಹಿಸಿಕೊಂಡವು. ಸರ್ಕಾರಿ ಶಾಲೆ ಇಂಗ್ಲಿಷನ್ನೇ ಕಲಿಸುತ್ತಿದ್ದ ಕಾಲದಲ್ಲಿಯೂ ಜನ ತಮ್ಮ ಭಾಷೆಯನ್ನು ಓದಬಲ್ಲವರಾಗಿ ಉಳಿದದ್ದು ಹೀಗೆ. ರಾಯದುರ್ಗದಲ್ಲೋ ಗೂಡಲೂರಿನಲ್ಲೋ ನಿವೃತ್ತ ಮಾಸ್ತರರೊಬ್ಬರಿಗೆ ದೇವಸ್ಥಾನದ ಜಗಲಿಯನ್ನು ವಾರಕ್ಕೆರಡು ಸಂಜೆ ಬಿಡಿಸಿಕೊಡುವುದು ಯಾವ ಸರ್ಕಾರದ ಅನುಮತಿಯನ್ನೂ ಕೇಳುವ ಕೆಲಸವಲ್ಲ. ಮೂರು ತಿಂಗಳಲ್ಲಿ ಒಂದು ಮಗು ಒತ್ತಕ್ಷರದವರೆಗೆ ಬರುತ್ತದೆ; ಅಜ್ಜಿಗೆ ಬಂದ ಲಗ್ನಪತ್ರಿಕೆಯನ್ನು ತಾನೇ ಓದಿ ಹೇಳುತ್ತದೆ.